ಹುಬ್ಬಳ್ಳಿಯಲ್ಲಿದ್ದು ಸೆಕೆಂಡ್‌ಹ್ಯಾಂಡ್ ಪೋರ್ಷೆ ತಗೊಳ್ಳೋದು ಹೇಗೆ, ಟ್ಯೂನ್ ಮಾಡಿಸಬೇಕಾ ಬೇಡವಾ

ಬಾಕ್ಸ್‌ಟರ್, ಕೇಮನ್, 911, ಇದರಲ್ಲಿ ಯಾವ ಹಳೆಯ ಗಾಡಿ ನೋಡುತ್ತಿದ್ದರೂ ಮೊದಲು ಅದರ ಕಂಪ್ಯೂಟರ್ ಓದಿಸಿ. ಬಣ್ಣ, ಅಲಾಯ್, ಸೈಲೆನ್ಸರ್ ಸದ್ದು ಎಲ್ಲ ಆಮೇಲೆ. ಟ್ಯೂನಿಂಗ್, ಅಂದರೆ ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವ ಮಾತು ಅದಕ್ಕೂ ಆಮೇಲೆ. ನಮ್ಮ ಕಡೆ ಹುಡುಗರು ಇದನ್ನು ಉಲ್ಟಾ ಮಾಡುತ್ತಾರೆ. ಗಾಡಿ ಇನ್ನೂ ಮುಂಬೈನಲ್ಲೇ ನಿಂತಿರುತ್ತದೆ, ಇವರು ಆಗಲೇ ಸ್ಟೇಜ್ ಒನ್‌ಗೆ (ಮೊದಲ ಹಂತದ ಟ್ಯೂನಿಂಗ್‌ಗೆ) ಎಷ್ಟು ರೊಕ್ಕ ಅಂತ ವಿಚಾರಿಸುತ್ತಿರುತ್ತಾರೆ.

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಓಡಾಡಿದರೆ ಇಂಥ ಗಾಡಿ ಸಿಗುವುದು ಕಷ್ಟ. ಬೆಂಗಳೂರು, ಮುಂಬೈ, ದೆಹಲಿ ಕಡೆಯಿಂದಲೇ ತರಬೇಕು. ದೆಹಲಿ ಗಾಡಿ ಅಗ್ಗ ಅಂತ ಕಾಣುತ್ತದೆ, ಯಾಕಂದರೆ ಅಲ್ಲಿ ಪೆಟ್ರೋಲ್ ಗಾಡಿಗೆ 15 ವರ್ಷದ ಗಡುವಿನ ಭಯ ಇದೆ, ಅದು ಹತ್ತಿರ ಬಂದ ಹಾಗೆ ಬೆಲೆ ಇಳಿಯುತ್ತದೆ. ಆದರೆ ಇಲ್ಲಿಗೆ ತಂದು ಕೆಎ 25 ಅಥವಾ ಕೆಎ 63 ನಂಬರ್ ಮಾಡಿಸಬೇಕಾದರೆ ಕರ್ನಾಟಕದ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದನ್ನು ಗಾಡಿಯ ಬೆಲೆ ಮತ್ತು ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ, ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಬೇರೆ ರಾಜ್ಯದ ನಂಬರಿನಲ್ಲೇ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಈ ಟ್ಯಾಕ್ಸ್ ಸೇರಿಸಿ ನೋಡಿದರೆ ಎಷ್ಟೋ ಸಲ ಬೆಂಗಳೂರಿನ ಕೆಎ ಗಾಡಿಯೇ ಅಗ್ಗ ಬೀಳುತ್ತದೆ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಹೊರರಾಜ್ಯದ್ದಾದರೆ ಎನ್‌ಒಸಿಗೆ ಫಾರ್ಮ್ 28, ಮಾಲೀಕರ ಹೆಸರು ಬದಲಾಯಿಸಲು 29 ಮತ್ತು 30, ಸಾಲ ತೀರಿದ್ದಕ್ಕೆ 35. ಇಡೀ ಗಾಡಿಯಾಗಿ ವಿದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆ ಕೇಳಿ, ಅದರಲ್ಲಿನ ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ಒಂದೊಂದೇ ಅಕ್ಷರ ತಾಳೆ ನೋಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ.

ಈಗ ಕಂಪ್ಯೂಟರ್ ವಿಷಯ. ಪೋರ್ಷೆ ಇಂಜಿನ್ ಕಂಪ್ಯೂಟರಿಗೆ ಡಿಎಂಇ ಅನ್ನುತ್ತಾರೆ. ಇಂಜಿನ್ ಒಟ್ಟು ಎಷ್ಟು ತಾಸು ಓಡಿದೆ ಅನ್ನುವುದು ಅದರಲ್ಲಿ ಇರುತ್ತದೆ. ಮೀಟರ್‌ನಲ್ಲಿ 28,000 ಕಿ.ಮೀ. ಇದೆ, ತಾಸು 2,500 ಇದೆ ಅನ್ನೋಣ. ಭಾಗಿಸಿದರೆ ತಾಸಿಗೆ 11 ಕಿ.ಮೀ. ಬರುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡಿಸಿದರೂ ಅಷ್ಟು ನಿಧಾನ ಆಗುವುದಿಲ್ಲ, ಮೀಟರ್ ತಿರುಗಿಸಿರಬಹುದು ಅಂತಲೇ ಹಿಡಿದು ಮುಂದಿನ ಪ್ರಶ್ನೆ ಕೇಳಿ. ಎರಡನೆಯದು ಓವರ್‌ರೆವ್ ದಾಖಲೆ. ಮ್ಯಾನುವಲ್ ಗಾಡಿಯಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಇಂಜಿನ್ ಮಿತಿ ಮೀರಿ ತಿರುಗುತ್ತದೆ, ರೆವ್ ಲಿಮಿಟರ್ ಅದನ್ನು ತಡೆಯಲಾರದು, ಯಾಕಂದರೆ ಆಗ ಇಂಜಿನ್ನನ್ನು ತಿರುಗಿಸುವುದು ಚಕ್ರ. 997 (911ರ ಒಂದು ಪೀಳಿಗೆ) ಕಾಲದ ಗಾಡಿಗಳಲ್ಲಿ ಮಿತಿ ಎಷ್ಟು ಮೀರಿತು ಅನ್ನುವುದರ ಮೇಲೆ ಇದನ್ನು ಆರು ರೇಂಜ್‌ಗಳಲ್ಲಿ ಬರೆದಿಡುತ್ತದೆ. ಒಂದು, ಎರಡರಲ್ಲಿ ಎಣಿಕೆ ಇದ್ದರೆ ಹೆದರಬೇಡಿ. ನಾಲ್ಕು ಅಥವಾ ಅದಕ್ಕಿಂತ ಮೇಲಿನ ರೇಂಜ್‌ನಲ್ಲಿ ಇದ್ದರೆ ಅದು ಯಾವ ತಾಸಿನಲ್ಲಿ ಆಗಿದೆ ಅಂತ ನೋಡಿ. 400ನೇ ತಾಸಿನಲ್ಲಿ ಆಗಿ, ಆಮೇಲೆ ಸಾವಿರ ತಾಸು ಚೆನ್ನಾಗಿ ಓಡಿದ್ದರೆ ಸ್ವಲ್ಪ ಧೈರ್ಯ ಬರುತ್ತದೆ. ಮೊನ್ನೆ ಮೊನ್ನೆ ಆಗಿದ್ದರೆ ಬಿಡಿ, ಬೇರೆ ಗಾಡಿ ನೋಡಿ. "ಸಾಹೇಬ್ರ, ಗಾಡಿ ಹೊಸಾದು ಇದ್ದಂಗ ಐತ್ರಿ" ಅಂತ ಡೀಲರ್ ಎಷ್ಟೇ ಹೇಳಲಿ, ಆ ರಿಪೋರ್ಟಿನ ಪ್ರಿಂಟ್ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

ವರ್ಷವೂ ಮುಖ್ಯ. 2008ರವರೆಗಿನ ಬಾಕ್ಸ್‌ಟರ್, ಕೇಮನ್ ಮತ್ತು ಸಾಮಾನ್ಯ 911ಗಳಲ್ಲಿ ಐಎಂಎಸ್ ಬೇರಿಂಗ್ ಅಂತ ಒಂದಿದೆ, ಇಂಜಿನ್ ಒಳಗಿನ ಒಂದು ಶಾಫ್ಟ್ ಅದರ ಮೇಲೆ ತಿರುಗುತ್ತದೆ. ಅದು ಒಡೆದರೆ ಇಂಜಿನ್ನೇ ಹೋಗುತ್ತದೆ. ಸಿಲಿಂಡರ್ ಗೋಡೆ ಗೀರು ಬೀಳುವ ತೊಂದರೆಯೂ ಅದೇ ಇಂಜಿನ್‌ಗಳದ್ದು: ತಣ್ಣಗಿರುವಾಗ ಟಕ್ ಟಕ್ ಸದ್ದು, ಒಂದೇ ಕಡೆಯ ಸೈಲೆನ್ಸರ್ ಕೊಳವೆಯಲ್ಲಿ ಜಾಸ್ತಿ ಮಸಿ, ಆಯಿಲ್ ಕುಡಿಯುವುದು. ಸಿಲಿಂಡರಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿಸಿ. 2009ರ ಮಾಡೆಲ್‌ನಿಂದ ಇಂಜಿನ್ ಹೊಸದಾಗಿ ಮಾಡಿದರು, ಆ ಬೇರಿಂಗ್ ಅದರಲ್ಲಿಲ್ಲ. ದುಡ್ಡು ಸ್ವಲ್ಪ ಜಾಸ್ತಿಯಾದರೂ ನಾನು ಅದನ್ನೇ ತಗೊಳ್ಳಿ ಅನ್ನುತ್ತೇನೆ. ಇಂಜಿನ್ ಬಿಚ್ಚಬೇಕಾಗಿ ಬಂದರೆ ನಮಗೆ ಬೆಂಗಳೂರೇ ಗತಿ, 400 ಕಿ.ಮೀ. ಫ್ಲಾಟ್‌ಬೆಡ್ ಬಾಡಿಗೆ ಬೇರೆ.

ನೀರು ಹೊಕ್ಕ ಗಾಡಿ ಬಗ್ಗೆ ಹುಷಾರು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮುಳುಗಿದಾಗ ದುಬಾರಿ ಗಾಡಿಗಳೂ ನೀರಲ್ಲಿ ನಿಂತಿದ್ದವು. ಸೀಟ್ ಬೆಲ್ಟ್ ಪೂರ್ತಿ ಕೊನೆವರೆಗೆ ಎಳೆಯಿರಿ, ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಬೋಲ್ಟ್ ತುಕ್ಕು ಹಿಡಿದಿದೆಯಾ, ಕಾರ್ಪೆಟ್ ಎತ್ತಿದರೆ ವಾಸನೆ ಬರುತ್ತದೆಯಾ? ಹಳೆಯ 986 ಬಾಕ್ಸ್‌ಟರ್‌ನಲ್ಲಿ ಅಲಾರ್ಮ್ ಮಾಡ್ಯೂಲ್ ಸೀಟಿನ ಕೆಳಗೇ ಇದೆ, ಮಡಚುವ ಟಾಪಿನ ನೀರು ಹೋಗುವ ಕೊಳವೆ ಕಟ್ಟಿಕೊಂಡರೂ ಸಾಕು ಅದು ನೆನೆಯುತ್ತದೆ. ಟೈರ್ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಗೆರೆ ಸವೆಯದೆ ಚೆನ್ನಾಗಿದ್ದರೂ ಅಷ್ಟು ಹಳೆಯ ಟೈರಿನಲ್ಲಿ ಈ ವೇಗದ ಗಾಡಿ ಓಡಿಸಬಾರದು. ಲಿಫ್ಟ್ ಮೇಲೆ ಹತ್ತಿಸಿ ಹೊಟ್ಟೆಯೂ ನೋಡಿ, ನಮ್ಮೂರ ಹಂಪುಗಳಿಗೆ ತಂದ ಮೇಲೆ ಉಜ್ಜಿದರೆ ಅದು ನಿಮ್ಮ ಲೆಕ್ಕ, ಮೊದಲೇ ಉಜ್ಜಿದ್ದಕ್ಕೆ ಬೆಲೆ ಇಳಿಸಿ ಅನ್ನಿ.

ಇನ್ನು ಟ್ಯೂನಿಂಗ್. ಸಾಫ್ಟ್‌ವೇರ್ ಬದಲಿಸಿದರೆ ಮುಖ್ಯವಾಗಿ ಮೂರು ಬದಲಾಗುತ್ತವೆ: ಟರ್ಬೊ ಒತ್ತಡ, ಕಿಡಿ ಹೊತ್ತುವ ಸಮಯ, ಪೆಟ್ರೋಲ್ ಪ್ರಮಾಣ. ಟರ್ಬೊ ಇಲ್ಲದ ಗಾಡಿಯಲ್ಲಿ ಒತ್ತಡ ಏರಿಸುವ ಮಾತೇ ಇಲ್ಲ, ಹಾಗಾಗಿ ಸಿಗುವುದು ಅಷ್ಟಕ್ಕಷ್ಟೇ. ಹಳೆಯ ಕೇಮನ್ ತಗೊಂಡಿದ್ದರೆ ಆ ದುಡ್ಡನ್ನು ಸುಮ್ನೆ ಟೈರ್, ಬ್ರೇಕ್, ಸಸ್ಪೆನ್ಷನ್ ಬುಷ್‌ಗೆ ಹಾಕಿ. 2016ರಲ್ಲಿ ಬಂದ 718ರ (ಬಾಕ್ಸ್‌ಟರ್, ಕೇಮನ್‌ನ ಮುಂದಿನ ಪೀಳಿಗೆಯ) 2 ಲೀಟರ್ ಇಂಜಿನ್ ಟರ್ಬೊ, ಕಂಪನಿಯಿಂದಲೇ 300 ಪಿಎಸ್ ಶಕ್ತಿ. ಇಂಥದರಲ್ಲಿ ವ್ಯತ್ಯಾಸ ನಿಜವಾಗಿಯೂ ಗೊತ್ತಾಗುತ್ತದೆ.

ಆದರೆ ಪೆಟ್ರೋಲ್ ಯಾವುದು? ಯುರೋಪಿನಲ್ಲಿ 98 ಆಕ್ಟೇನ್‌ಗೆ, ಅಂದರೆ ಬೇಗ ತಾನೇ ಹೊತ್ತಿಕೊಳ್ಳದ ಪೆಟ್ರೋಲ್‌ಗೆ, ಬರೆದ ಟ್ಯೂನಿಂಗ್ ಫೈಲನ್ನು ಇಲ್ಲಿ ಹಾಕಿಸಿ, ಗದಗ ದಾಟಿದ ಮೇಲೆ ಸಿಕ್ಕ ಪಂಪಿನಲ್ಲಿ ಸಾದಾ ಪೆಟ್ರೋಲ್ ತುಂಬಿಸಿದರೆ ಇಂಜಿನ್ ನಾಕ್ ಆಗುತ್ತದೆ, ಅಂದರೆ ಪೆಟ್ರೋಲ್ ಹೊತ್ತಬಾರದ ಹೊತ್ತಿನಲ್ಲಿ ತಾನೇ ಹೊತ್ತಿಕೊಂಡು ಇಂಜಿನ್ನಿಗೆ ಪೆಟ್ಟು ಬೀಳುತ್ತದೆ. ಕಂಪ್ಯೂಟರ್ ಕಿಡಿಯನ್ನು ಹಿಂದಕ್ಕೆ ಎಳೆದು, ಅಂದರೆ ತಡವಾಗಿ ಹೊತ್ತಿಸಿ, ಉಳಿಸಲು ನೋಡುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಒಳಗೆ ಹೋಗುವ ಗಾಳಿಯೇ ಕಾದಿರುತ್ತದೆ, ಆಗ ಇನ್ನೂ ಕೆಟ್ಟದು. ನಿಮ್ಮ ದಿನದ ಪಂಪಿನಲ್ಲಿ ಖಾತ್ರಿಯಾಗಿ ಸಿಗುವ ಪೆಟ್ರೋಲ್‌ಗೆ ಫೈಲ್ ಬರೆಯಿರಿ ಅಂತ ಟ್ಯೂನರ್‌ಗೆ ಹೇಳಿ. ಮಾಡಿದ ಮೇಲೆ ಮಧ್ಯಾಹ್ನದ ಬಿಸಿಲಲ್ಲೇ ಓಡಿಸಿ ಲಾಗ್ (ಓಡುವಾಗ ಕಂಪ್ಯೂಟರ್ ಬರೆದ ದಾಖಲೆ) ತೆಗೆಸಿ, ಪ್ರತಿ ಸಿಲಿಂಡರಿನಲ್ಲಿ ಕಿಡಿಯನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಅಂತ ತೋರಿಸಲಿ. ಲಾಗ್ ತೋರಿಸದೆ ಬರೀ ಡೈನೊ (ಶಕ್ತಿ ಅಳೆಯುವ ಯಂತ್ರ) ಕಾಗದ ಕೊಡುವವರ ಹತ್ತಿರ ಹೋಗಬೇಡಿ.

ಕಾನೂನನ್ನೂ ನೋಡಿಕೊಳ್ಳಿ. ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸಾಫ್ಟ್‌ವೇರ್ ಕಣ್ಣಿಗೆ ಕಾಣುವುದಿಲ್ಲ ಅಂತ ಇನ್ಶೂರೆನ್ಸ್‌ನವರಿಗೆ ಹೇಳದೆ ಇದ್ದರೆ ಅಪಘಾತವಾದಾಗ ಕ್ಲೇಮ್‌ಗೆ ತಕರಾರು ಬರುತ್ತದೆ. ವಾರಂಟಿ ಇನ್ನೂ ಇದ್ದರೆ ಮುಗಿಯುವವರೆಗೆ ಕೈ ಹಾಕಬೇಡಿ. ಯಾರೋ ಮೊದಲೇ ಟ್ಯೂನ್ ಮಾಡಿಸಿ, ಮೂಲ ಫೈಲ್ ಕಳೆದುಕೊಂಡ ಗಾಡಿ ಸಿಕ್ಕರೆ ಅದನ್ನು ವಾಪಸ್ ಸ್ಟಾಕ್ (ಕಂಪನಿಯಿಂದ ಬಂದ ಹಾಗೆ) ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ನೀವು ಮಾಡಿಸುವುದಾದರೆ ಟ್ಯೂನರ್ ಮೊದಲು ಓದಿ ತೆಗೆದ ಮೂಲ ಫೈಲಿನ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಸಿಕೊಂಡು, ಮೇಲೆ ಚಾಸಿ ನಂಬರ್ ಬರೆದು ಗಾಡಿಯ ಕಾಗದಪತ್ರದ ಜೊತೆಗೇ ಇಡಿ.