ಸಂಜೆ ಆಸರಿಗೆ ಚಾ ಬದಲು ಕಷಾಯ
ಸಂಜೆಯಾದರೆ ಸುಮ್ಮಸುಮ್ಮನೆ ಎದೆ ಡವಡವ ಅನ್ನುವವರು ನಾಲ್ಕು ಗಂಟೆ ಮೇಲಿನ ಚಾ ಬಿಟ್ಟು ಕೊತ್ತಂಬರಿ-ಜೀರಿಗೆ ಕಷಾಯ ಕುಡಿದು ನೋಡಿ. ಕಷಾಯದ ಮಹಿಮೆ ಅಂತೇನಲ್ಲ, ಚಾದಲ್ಲಿರುವ ಕೆಫೀನ್ ಅದರಲ್ಲಿ ಇಲ್ಲ ಅಷ್ಟೇ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು 5 ಗಂಟೆ ಕಳೆದರೂ ಮೈಯಲ್ಲೇ ಇದ್ದು ಎದೆಬಡಿತ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ದಿನಕ್ಕೆ ಐದಾರು ಲೋಟ ಚಾ ಕುಡಿಯುವವರು ಒಮ್ಮೆಲೇ ಬಿಡಬೇಡಿ, ತಲೆಸಿಡಿತ ಬರಬಹುದು. ಶಿರಸಿ ಪೇಟೆಯಲ್ಲಿ ಕಷಾಯ ಪುಡಿ ತಗೊಳ್ಳುವಾಗ ಜ್ಯೇಷ್ಠಮಧು ಹಾಕಿದ್ದಾರಾ ಕೇಳಿ. ಬಿಪಿ ಇದ್ದವರಿಗೆ ಅದು ದಿನಾ ಬೇಡ. ಒಂದೆಲಗದ ತಂಬುಳಿ ಊಟಕ್ಕೆ ಚೆಂದವೇ, ಆದರೆ ಗಾಬರಿಗೆಂದು ನುಂಗುವ ಅಶ್ವಗಂಧ ಮಾತ್ರೆಯನ್ನು ಥೈರಾಯ್ಡ್ ಔಷಧಿಯವರು, ಬಸುರಿಯರು ಡಾಕ್ಟರರನ್ನು ಕೇಳದೆ ಮುಟ್ಟಬಾರದು. ಬೆಳಗಿನಿಂದಲೇ ಗಾಬರಿ, ಕೆಲಸವೇ ಸಾಗದು ಅನ್ನುವಂತಿದ್ದರೆ ಕಷಾಯಕ್ಕೆ ಬಗ್ಗುವ ವಿಷಯವಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.