ಮೂರು ರೆಸಿನ್ ಶರ್ಮನ್‌ಗಳು: ಎರಕದ ಮೊಂಡಿನಿಂದ ಮೈಕ್ತಿಲಾದ ಧೂಳಿನವರೆಗೆ

ಮೇಜಿನ ಮೇಲೆ ಆಡುವ ಯುದ್ಧದ ಆಟಕ್ಕೆ ಮಾಡಿದ ಟ್ಯಾಂಕು ಗಾಜಿನ ಕಪಾಟು ಸೇರುವಂಥದ್ದಲ್ಲ. ಒಂದು ಸಂಜೆಗೆ ಹತ್ತಾರು ಸಲ ಕೈಗೆ ಬರುತ್ತದೆ, ಡಬ್ಬಿಯಲ್ಲಿ ಕುಲುಕಾಡುತ್ತದೆ, ಎದುರಿಗೆ ಕೂತವರು ಅದನ್ನು ನಳಿಗೆ ಹಿಡಿದೇ ಎತ್ತುತ್ತಾರೆ. ಬೇಡ ಎಂದು ಎಷ್ಟು ಹೇಳಿದರೂ ನಳಿಗೆ ಹಿಡಿದೇ ಎತ್ತುತ್ತಾರೆ. ಹಾಗಾಗಿ ನಾನು ಮಾಡುವ ಕ್ರಮದಲ್ಲಿ ನಾಜೂಕಿಗಿಂತ ಗಟ್ಟಿತನಕ್ಕೇ ಮೊದಲ ಮಣೆ. ಇಲ್ಲಿ ಹೇಳುತ್ತಿರುವುದು 1:56 ಅಳತೆಯ, ಅಂದರೆ 28 ಮಿ.ಮೀ. ಎತ್ತರದ ಸೈನಿಕರ ಬೊಂಬೆಗಳ ಜೊತೆ ನಿಲ್ಲುವ ಮೂರು ಶರ್ಮನ್‌ಗಳ, ಅಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕಿನ ಮಾದರಿಗಳ ಕೆಲಸ. ಮೂರೂ ರೆಸಿನ್‌ನವು, ಅಂದರೆ ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದ ಪ್ಲಾಸ್ಟಿಕ್‌ನಂಥ ರಾಳದವು.

ಆರಿಸಿಕೊಂಡದ್ದು ಶರ್ಮನ್ 5, ಅಮೆರಿಕನ್ನರ ಲೆಕ್ಕದಲ್ಲಿ ಎಂ4ಎ4. 1945ರ ಮಾರ್ಚ್‌ನಲ್ಲಿ ಬರ್ಮಾದ ಮೈಕ್ತಿಲಾದಲ್ಲಿ ಕಾದಾಡಿದ 255ನೇ ಭಾರತೀಯ ಟ್ಯಾಂಕ್ ಬ್ರಿಗೇಡಿನ ಪ್ರೋಬಿನ್ಸ್ ಹಾರ್ಸ್, ರಾಯಲ್ ಡೆಕ್ಕನ್ ಹಾರ್ಸ್ ದಳಗಳ ಬಳಿ ಇದ್ದದ್ದು ಶರ್ಮನ್‌ಗಳೇ. ಎಂ4ಎ4 ಗುರುತಿಸುವುದು ಕಷ್ಟವಲ್ಲ. ಆರು ಸಿಲಿಂಡರಿನ ಐದು ಕಾರ್ ಎಂಜಿನ್‌ಗಳನ್ನು ಒಟ್ಟಿಗೆ ಕಟ್ಟಿದ ಕ್ರೈಸ್ಲರ್ ಎಂಜಿನ್ ಹಿಡಿಸಲು ಒಡಲನ್ನು ಉದ್ದ ಮಾಡಬೇಕಾಯಿತು. ಅದರಿಂದ ಬೋಗಿಗಳ, ಅಂದರೆ ಗಾಲಿಗಳನ್ನು ಜೋಡಿಜೋಡಿಯಾಗಿ ಹಿಡಿದ ಚೌಕಟ್ಟುಗಳ ನಡುವೆ ಕಣ್ಣಿಗೆ ಕಾಣುವಷ್ಟು ಸಂದು ಬಿತ್ತು, ಟ್ರ್ಯಾಕಿನ, ಅಂದರೆ ಗಾಲಿಗಳನ್ನು ಸುತ್ತುವ ಸರಪಳಿ ಪಟ್ಟಿಯ ಕೊಂಡಿಗಳು ಒಂದೊಂದು ಬದಿಗೆ 79ರಿಂದ 83ಕ್ಕೆ ಏರಿದವು. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಬೋಗಿಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಅದು ಎಂ4ಎ4 ಅಲ್ಲ. ನಿಜವಾದ ಟ್ಯಾಂಕಿನ ಉದ್ದ 6.06 ಮೀಟರ್, ಈ ಅಳತೆಗೆ 108 ಮಿ.ಮೀ. ರೆಸಿನ್ ಎರಕ ಆರುವಾಗ ಕೊಂಚ ಕುಗ್ಗುತ್ತದೆ. 106 ಬಂದರೂ ಚಿಂತೆಯಿಲ್ಲ, ಮೂರೂ ಒಂದೇ ಅಳತೆಯವಾಗಿದ್ದರೆ ಸಾಕು.

ಮೊದಲ ಕೆಲಸ ಸ್ನಾನ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಬಳಿದ ಎಣ್ಣೆಯಂಥ ಪದಾರ್ಥ ರೆಸಿನ್ ಮೇಲೆ ಉಳಿದಿರುತ್ತದೆ. ಅದು ಹೋಗದಿದ್ದರೆ ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ, ಅಂದರೆ ಪ್ರೈಮರ್, ಕೂರುವುದಿಲ್ಲ, ಆಟದ ನಡುವೆ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ, ಹಳೆಯ ಹಲ್ಲುಜ್ಜುವ ಬ್ರಷ್, ಬೋಗಿಗಳ ಸಂದಿಗೆ ವಿಶೇಷ ಗಮನ. ತೊಳೆದು ಒಂದಿಡೀ ದಿನ ಆರಲು ಬಿಡುತ್ತೇನೆ. ಅರದಿಂದ ಉಜ್ಜಿದ ಮೇಲೆ ಕೈಬೆವರು, ಪುಡಿ ಎಲ್ಲ ಸೇರಿರುತ್ತದೆ, ಆಗ ಎರಡನೇ ಸಲ ತೊಳೆಯಬೇಕು. ಬಹಳ ಮಂದಿ ಬಿಟ್ಟುಬಿಡುವುದು ಈ ಎರಡನೆಯದನ್ನು.

ಒಡಲಿನ ಅಡಿಯಲ್ಲೋ ಟ್ರ್ಯಾಕಿನ ಅಂಚಿನಲ್ಲೋ ಎರಕ ಹೊಯ್ದ ಜಾಗದ ಮೊಂಡು ಇರುತ್ತದೆ. ಕಟ್ಟರ್ ಹಾಕಿ ಚಿವುಟಿದರೆ ರೆಸಿನ್ ತನ್ನಿಷ್ಟ ಬಂದ ಕಡೆ ಸೀಳಿ, ಟ್ರ್ಯಾಕಿನ ಎರಡು ಕೊಂಡಿಯನ್ನೂ ಕಿತ್ತುಕೊಂಡು ಹೋಗುತ್ತದೆ. ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಣ್ಣ ಗರಗಸ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸೂಜಿ ಅರಗಳು, 0.8ರಿಂದ 2 ಮಿ.ಮೀ.ವರೆಗಿನ ಡ್ರಿಲ್ ಬಿಟ್‌ಗಳೂ ಅಲ್ಲೇ ಸಿಗುತ್ತವೆ, ಹವ್ಯಾಸದ ಅಂಗಡಿಗಿಂತ ಅಗ್ಗ. ಗೆರೆಯಿಂದ ಒಂದು ಮಿ.ಮೀ. ಹೊರಗೆ ಕೊಯ್ದು, ಉಳಿದದ್ದನ್ನು ಗಾಜಿನ ಹಲಗೆಯ ಮೇಲೆ ಹಾಸಿದ ಉಪ್ಪುಕಾಗದದಲ್ಲಿ ಉಜ್ಜುತ್ತೇನೆ: 240, ಆಮೇಲೆ 400, ಕೊನೆಗೆ 600. ಪ್ರತಿ ಸಲವೂ ಕಾಗದ ಒದ್ದೆ ಇರಬೇಕು. ರೆಸಿನ್ ಪುಡಿ ಶ್ವಾಸಕೋಶಕ್ಕೆ ಹೋಗಬಾರದ ವಸ್ತು. ಒಣ ಉಜ್ಜುವಿಕೆ ತಪ್ಪದ ಕಡೆ ಎನ್95 ಮಾಸ್ಕ್ ಹಾಕಿಯೇ ಕೂರಬೇಕು.

ಇನ್ನು ಸೊಟ್ಟಗಾದ ತುಂಡುಗಳು. ಮೂರು ಟ್ಯಾಂಕಿನ ಆರು ಟ್ರ್ಯಾಕುಗಳಲ್ಲಿ ಒಂದೆರಡಾದರೂ ಬಾಳೆಹಣ್ಣಿನಂತೆ ಬಾಗಿರುತ್ತವೆ. ಕುದಿ ಬಾರದ, ಕೈ ಅದ್ದಲಾಗದಷ್ಟು ಬಿಸಿ ನೀರಿನಲ್ಲಿ, ಅಂದಾಜು 70-80 ಡಿಗ್ರಿ, ಮುಕ್ಕಾಲು ನಿಮಿಷ ಬಿಟ್ಟು, ಇಕ್ಕಳದಲ್ಲಿ ತೆಗೆದು, ಗಾಜಿನ ಮೇಲೆ ಒತ್ತಿ ಹಿಡಿದು, ಹಾಗೆ ಹಿಡಿದಂತೆಯೇ ತಣ್ಣೀರಿಗೆ ಇಳಿಸಬೇಕು. ತಣ್ಣಗಾಗುವ ಮೊದಲೇ ಕೈ ಬಿಟ್ಟರೆ ಹಳೆಯ ಬಾಗಿಗೇ ಮರಳುತ್ತದೆ. ಬಿಸಿಗೆ ಮೆತ್ತಗಾಗುವ ಈ ಗುಣವೇ ಬೇಸಿಗೆಯಲ್ಲಿ ಶತ್ರು: ಮುಚ್ಚಿದ ಕಾರಿನಲ್ಲಿ ಬಿಟ್ಟ ರೆಸಿನ್ ನಳಿಗೆ ಸಂಜೆಯ ಹೊತ್ತಿಗೆ ತಲೆ ತಗ್ಗಿಸಿರುತ್ತದೆ.

ಗಾಳಿಗುಳ್ಳೆಯ ತೂತುಗಳನ್ನು ಅಳತೆ ನೋಡಿ ಮುಚ್ಚುತ್ತೇನೆ. ಗುಂಡುಸೂಜಿ ಮೊನೆಯಷ್ಟಿದ್ದರೆ ಒಂದು ಹನಿ ಫೆವಿಕ್ವಿಕ್, ಅದರ ಮೇಲೆ ಚಿಟಿಕೆ ಅಡುಗೆ ಸೋಡಾ. ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಹತ್ತು ನಿಮಿಷದೊಳಗೆ ಉಜ್ಜಿ ಮುಗಿಸಬೇಕು. ರಾತ್ರಿ ಕಳೆದರೆ ಅದು ಸುತ್ತಲಿನ ರೆಸಿನ್‌ಗಿಂತ ಗಡುಸಾಗಿ, ಉಜ್ಜಿದಷ್ಟೂ ಅಕ್ಕಪಕ್ಕವೇ ತಗ್ಗಾಗಿ, ತೇಪೆ ಗುಬ್ಬಿಯಂತೆ ಮೇಲೆ ನಿಲ್ಲುತ್ತದೆ. ಎರಡು ಮಿ.ಮೀ. ದಾಟಿದ ಗುಳಿಗೆ ಎಂ-ಸೀಲ್. ಎರಡೂ ಭಾಗ ಸಮವಾಗಿ, ಬಣ್ಣ ಒಂದಾಗುವ ತನಕ ನಾದಿ, ತುಂಬಿ, ಒದ್ದೆ ಬೆರಳಲ್ಲಿ ಸವರಿ, ಮಾರನೆ ದಿನ ಉಜ್ಜಬೇಕು. ಕೆತ್ತನೆಯ ನಾಜೂಕಿಗೆ ಅದು ಒದಗದು, ತುಂಬಲು ಧಾರಾಳ ಸಾಕು.

ಜೋಡಣೆಗೆ ಪ್ಲಾಸ್ಟಿಕ್ ಕಿಟ್‌ಗಳ ಅಂಟು ನಡೆಯುವುದಿಲ್ಲ. ಅದು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದ್ದು, ರೆಸಿನ್ ಅದಕ್ಕೆ ಕರಗುವುದಿಲ್ಲ. ಟ್ರ್ಯಾಕುಗಳಿಗೆ ಐದು ನಿಮಿಷದಲ್ಲಿ ಹಿಡಿಯುವ, ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟು ನನ್ನ ಆಯ್ಕೆ, ಯಾಕೆಂದರೆ ಅಲುಗಾಡಿಸಿ ಸರಿಮಾಡಲು ಪುರುಸೊತ್ತು ಕೊಡುತ್ತದೆ. ಶರ್ಮನ್‌ನ ಹಲ್ಲುಗಾಲಿ ಮುಂದಕ್ಕೆ ಬರುತ್ತದೆ. ಎಡಬಲ ಅದಲುಬದಲಾಗದಂತೆ ಅಂಟಿಸುವ ಮೊದಲೇ ಒಳಬದಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಎರಡೂ ಟ್ರ್ಯಾಕ್ ಹಚ್ಚಿದ ತಕ್ಷಣ ಟ್ಯಾಂಕನ್ನು ಗಾಜಿನ ಮೇಲೆ ನಿಲ್ಲಿಸಿ, ನಾಲ್ಕು ಮೂಲೆಯಲ್ಲೂ ಒಂದು ಕಾಗದದ ಪಟ್ಟಿ ತೂರಿಸಿ ನೋಡುತ್ತೇನೆ. ಒಂದು ಮೂಲೆಯಲ್ಲಿ ಕಾಗದ ಸಲೀಸಾಗಿ ನುಸುಳಿತೆಂದರೆ ಆ ಟ್ಯಾಂಕು ಮೇಜಿನ ಮೇಲೆ ಕುಂಟುತ್ತದೆ. ಅಂಟು ಹಿಡಿಯುವ ಮೊದಲು ಸರಿಮಾಡಿದರಾಯಿತು, ಆಮೇಲೆ ಗರಗಸವೇ ಗತಿ.

ನಳಿಗೆ ವಿಷಯದಲ್ಲಿ ರಾಜಿಯಿಲ್ಲ: ರೆಸಿನ್ ನಳಿಗೆಯನ್ನು ಬುಡಕ್ಕೇ ಕೊಯ್ದು ಹಿತ್ತಾಳೆ ಕೊಳವೆ ಹಾಕುತ್ತೇನೆ. 75 ಮಿ.ಮೀ. ತೋಪಿನ ಬಾಯಿ ಈ ಅಳತೆಗೆ 1.3 ಮಿ.ಮೀ. ಆಗುತ್ತದೆ, ಹೊರವ್ಯಾಸ 2, ಒಳವ್ಯಾಸ 1.4 ಇರುವ ಕೊಳವೆ ಸರಿಹೊಂದುತ್ತದೆ. ಕೊಯ್ಯುವ ಮೊದಲು ಮೂಲ ನಳಿಗೆಯ ಉದ್ದ ಅಳೆದು ಬರೆದಿಟ್ಟುಕೊಳ್ಳಿ. ತೂತನ್ನು ಮೊದಲು 0.8, ಆಮೇಲೆ 1.5, ಕೊನೆಗೆ 2 ಮಿ.ಮೀ. ಬಿಟ್ಟಿನಿಂದ, ಕೈಡ್ರಿಲ್‌ನಲ್ಲಿ, ಆರು ಮಿ.ಮೀ. ಆಳಕ್ಕೆ ಕೊರೆಯಬೇಕು. ಒಂದೇ ಸಲಕ್ಕೆ ದಪ್ಪ ಬಿಟ್ ಹಾಕಿದರೆ ತೂತು ಓರೆ ಹೋಗುತ್ತದೆ, ಮೋಟಾರ್ ಹಾಕಿದರೆ ಬಿಸಿಗೆ ರೆಸಿನ್ ಮೆತ್ತಗಾಗಿ ಬಿಟ್ಟಿಗೇ ಸುತ್ತಿಕೊಳ್ಳುತ್ತದೆ.

ಟರೆಟ್, ಅಂದರೆ ತೋಪು ಹೊತ್ತ ಮೇಲಿನ ಗೋಪುರ, ತಿರುಗಬೇಕು, ಬೀಳಬಾರದು. ಒಡಲಲ್ಲಿ ಒಂದು, ಟರೆಟ್ಟಿನ ಗೂಟದಲ್ಲಿ ಒಂದು, ತಲಾ 5×2 ಮಿ.ಮೀ. ನಿಯೋಡಿಮಿಯಮ್ ಅಯಸ್ಕಾಂತ. ಮೂರೂ ಟ್ಯಾಂಕಿನ ಒಡಲಿಗೆ ಒಂದೇ ಮುಖ ಮೇಲೆ ಬರುವಂತೆ ಮಾರ್ಕರ್‌ನಲ್ಲಿ ಗುರುತು ಮಾಡಿಕೊಂಡರೆ ಯಾವ ಟರೆಟ್ ಯಾವ ಒಡಲಿಗೂ ಕೂರುತ್ತದೆ. ಎರಡೂ ಒಂದಕ್ಕೊಂದು ತಾಗದೆ ನಡುವೆ ಅರ್ಧ ಮಿ.ಮೀ. ಬಿಟ್ಟಿರಬೇಕು, ತಾಗಿದರೆ ಟರೆಟ್ ಎತ್ತುವಾಗ ಅಯಸ್ಕಾಂತವೇ ಕಿತ್ತು ಬರುತ್ತದೆ. ಇಲ್ಲಿಯೂ ಎಪಾಕ್ಸಿಯೇ. ಫೆವಿಕ್ವಿಕ್ ಬಿಗಿಯಾಗಿ ಹಿಡಿದರೂ ಪೆಳಸು, ಒಂದು ಜಗ್ಗಿಗೆ ಕಳಚುತ್ತದೆ. ಗೂಟವನ್ನು ಸುತ್ತಲೂ ಸ್ವಲ್ಪ ಉಜ್ಜಿ ಸಡಿಲ ಮಾಡುವುದನ್ನು ಮರೆಯಬಾರದು. ಪ್ರೈಮರ್, ಬಣ್ಣ, ವಾರ್ನಿಷ್ ಎಲ್ಲ ಸೇರಿ ತೂತನ್ನು ಕಿರಿದು ಮಾಡುತ್ತವೆ. ಬಣ್ಣಕ್ಕೆ ಮುಂಚೆ ಸರಿಯಾಗಿ ಕೂತ ಟರೆಟ್ ಬಣ್ಣವಾದ ಮೇಲೆ ಕಚ್ಚಿಕೊಂಡು, ತಿರುಗಿಸಿದಾಗ ಬಣ್ಣವನ್ನೇ ಕೆರೆದು ಹಾಕುತ್ತದೆ.

ಪ್ರೈಮರ್ ದಿನ ಹವಾಮಾನ ನೋಡಬೇಕು. ಗಾಳಿಯ ತೇವ 70 ಶೇಕಡಾ ದಾಟಿದ್ದರೆ ನಾನು ಕ್ಯಾನ್ ಮುಟ್ಟುವುದಿಲ್ಲ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನು ಹಿಡಿಯುತ್ತದೆ, ಬಣ್ಣ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ಆಸೆ ಬಿಟ್ಟು, ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಹಿಡಿಯುವುದೇ ಲೇಸು. ಕಾರುಗಳಿಗೆ ಬಳಸುವ ಬೂದು ಪ್ರೈಮರ್ ಸಾಕು. ಎರಡು ನಿಮಿಷ ಕುಲುಕಿ, 20-25 ಸೆಂ.ಮೀ. ದೂರದಿಂದ, ಟ್ಯಾಂಕಿನ ಆಚೆ ಶುರುಮಾಡಿ ಆಚೆಯೇ ನಿಲ್ಲಿಸುವ ಹಾಗೆ ಬೀಸಿ, ತೆಳುವಾಗಿ ಮೂರು ಸಲ. ಹತ್ತಿರ ಹಿಡಿದರೆ ಬೋಲ್ಟ್‌ಗಳೆಲ್ಲ ಮುಳುಗುತ್ತವೆ, ದೂರ ಹಿಡಿದರೆ ಬಣ್ಣ ದಾರಿಯಲ್ಲೇ ಒಣಗಿ ರವೆಯಂತೆ ಕೂರುತ್ತದೆ. ಒಂದು ದಿನ ಬಿಟ್ಟು ಅಡಿಭಾಗದಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತು ನೋಡುತ್ತೇನೆ. ಟೇಪಿಗೆ ಬೂದು ಬಂತೋ, ತೊಳೆದದ್ದು ಸಾಲದು. ಎಲ್ಲ ತೆಗೆದು ಮತ್ತೆ ಮೊದಲಿಂದ.

ಹಸಿರಿನ ಯಾವ ಛಾಯೆ ಸರಿ ಎಂಬ ವಾದಕ್ಕೆ ನಾನಿಲ್ಲ, ಕೊನೆಗೆ ಅರ್ಧಕ್ಕರ್ಧ ಧೂಳಿನಡಿ ಹೋಗುತ್ತದೆ. ವಲ್ಲೆಹೋ ಕಂಪನಿಯ ಮಾಡೆಲ್ ಕಲರ್ ಸಾಲಿನ 70.887 ನಂಬರಿನ ಹಸಿರು ತಳಬಣ್ಣ. ಅದಕ್ಕೆ ಹತ್ತು ಹನಿಗೆ ಒಂದು ಹನಿಯಂತೆ ಮಸಕು ಮರಳು ಬಣ್ಣ ಸೇರಿಸುತ್ತೇನೆ. ಬೃಹತ್ ಟ್ಯಾಂಕಿಗೆ ಒಪ್ಪುವ ಬಣ್ಣ ಅಂಗೈಯಗಲದ ಟ್ಯಾಂಕಿಗೆ ತೀರಾ ಕಪ್ಪೆನಿಸುತ್ತದೆ. ಏರ್‌ಬ್ರಷ್ ಇದ್ದರೆ 0.3 ಮಿ.ಮೀ. ಸೂಜಿ, 1.2 ಬಾರ್ ಒತ್ತಡ, ಬಣ್ಣಕ್ಕೆ ಸಮ ತೆಳುಕಾರಿ. ಎರಡನೇ ಸುತ್ತಿಗೆ ಮರಳು ಬಣ್ಣ ಇನ್ನೆರಡು ಹನಿ ಹೆಚ್ಚಿಸಿ, ಮೇಲಿನಿಂದ ಮಾತ್ರ, ಟರೆಟ್ ಮಾಡು ಮತ್ತು ಎಂಜಿನ್ ಮುಚ್ಚಳದ ಮೇಲೆ. ಆಡುವವರ ಕಣ್ಣಿಗೆ ಸದಾ ಬೀಳುವುದು ಮೇಲ್ಭಾಗವೇ. ಗಾಲಿಯ ಸುತ್ತಿನ ರಬ್ಬರಿಗೆ ಕಡುಬೂದು, ಅಪ್ಪಟ ಕಪ್ಪು ಬೇಡ. ಟ್ರ್ಯಾಕಿಗೆ ಬೂದು ಬೆರೆಸಿದ ಕಂದು; ಬೆಳ್ಳಿ ಬಳಿದರೆ ಆಟಿಕೆಯಾಗಿಬಿಡುತ್ತದೆ.

ಮುಂದಿನ ಹೆಜ್ಜೆ ಹೊಳಪು ವಾರ್ನಿಷ್. ನೀರಿನಲ್ಲಿ ನೆನೆಸಿ ಅಂಟಿಸುವ ನಕ್ಷತ್ರದ ಡೆಕಾಲ್‌ಗಳನ್ನು ಮಂಕು ಬಣ್ಣದ ಮೇಲೆ ನೇರ ಇಟ್ಟರೆ, ಒರಟಿನ ಸಂದಿಯಲ್ಲಿ ಗಾಳಿ ಸಿಕ್ಕಿಬಿದ್ದು ಅಂಚೆಲ್ಲ ಬೆಳ್ಳಿಯಂತೆ ಮಿರುಗುತ್ತದೆ. ಬೇಕಾದ ಜಾಗದ ಸುತ್ತ ಎರಡು ತೆಳು ಪದರ ಹೊಳಪು, 24 ಗಂಟೆ ಬಿಡುವು, ಆಮೇಲೆ ಡೆಕಾಲನ್ನು ಅರ್ಧ ನಿಮಿಷ ನೆನೆಸಿ ಜಾರಿಸಿ, ಮೇಲೆ ಡೆಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್ ದ್ರವ ಹಚ್ಚಬೇಕು. ಹಚ್ಚಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ, ಗಾಬರಿಯಾಗಿ ಮುಟ್ಟಬಾರದು. ತಾನಾಗಿ ಕೂರುತ್ತದೆ. ಇನ್ನು ದಳದೊಳಗಿನ ತುಕಡಿಯ, ಅಂದರೆ ಸ್ಕ್ವಾಡ್ರನ್‌ನ ಗುರುತು: ಬ್ರಿಟಿಷ್ ಪದ್ಧತಿಯಲ್ಲಿ ಎ ಸ್ಕ್ವಾಡ್ರನ್‌ಗೆ ತ್ರಿಕೋನ, ಬಿಗೆ ಚೌಕ, ಸಿಗೆ ವೃತ್ತ. ಮೂರು ಟ್ಯಾಂಕೂ ಸ್ಕ್ವಾಡ್ರನ್ನಿನ ಒಂದೇ ಸಣ್ಣ ಗುಂಪಿನ, ಅಂದರೆ ಟ್ರೂಪಿನವಾದ್ದರಿಂದ ಮೂರಕ್ಕೂ ಒಂದೇ ಆಕಾರ.

ಸಂದುಗೊಂದಿಗಳ ನೆರಳಿಗೆ ಕ್ಯಾಮ್ಲಿನ್ ಎಣ್ಣೆ ಬಣ್ಣದ ಬರ್ನ್ಟ್ ಅಂಬರ್ ಕಡಲೆಯಷ್ಟು, ಕಪ್ಪು ಅದರ ಕಾಲುಭಾಗ, ವಾಸನೆಯಿಲ್ಲದ ವೈಟ್ ಸ್ಪಿರಿಟ್‌ನಲ್ಲಿ ಕಾಫಿ ಡಿಕಾಕ್ಷನ್ ಹದಕ್ಕೆ ಕರಗಿಸಿಕೊಂಡು, ಸಣ್ಣ ಬ್ರಷ್ಷಿನ ತುದಿಯನ್ನು ಬೋಲ್ಟ್ ಬುಡಕ್ಕೂ ಗೆರೆಗೂ ತಾಗಿಸುವುದು. ಹೊಳಪಿನ ಮೇಲೆ ಅದು ತಾನೇ ಹರಿದು ಗೆರೆ ಹಿಡಿಯುತ್ತದೆ. ಎಂ4ಎ4 ಮೂತಿಯಲ್ಲಿ ಮೂರು ತುಂಡು ಸೇರಿಸಿದ ಬೋಲ್ಟ್ ಸಾಲುಗಳಿವೆ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಅರ್ಧ ಗಂಟೆ ಬಿಟ್ಟು, ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಬ್ರಷ್‌ನಿಂದ ಹೆಚ್ಚಾದದ್ದನ್ನು ಮೇಲಿನಿಂದ ಕೆಳಕ್ಕೆ ಒರೆಸಬೇಕು. ಎಣ್ಣೆ ಪೂರ್ತಿ ಆರಲು ಕನಿಷ್ಠ ಎರಡು ದಿನ.

ಬರ್ಮಾ ಎಂದ ಕೂಡಲೇ ಕಾಡು, ಕೆಸರು ಎಂದು ಟ್ಯಾಂಕಿಗೆಲ್ಲ ಕಪ್ಪು ಕೆಸರು ಮೆತ್ತುವುದನ್ನು ಕಂಡಿದ್ದೇನೆ. ಮೈಕ್ತಿಲಾ ಇರುವುದು ಮಧ್ಯ ಬರ್ಮಾದ ಒಣ ವಲಯದಲ್ಲಿ, ಮಾರ್ಚ್ ಮಳೆಗಾಲವೂ ಅಲ್ಲ. ಬೇಕಾದದ್ದು ಒಣ ಧೂಳು. ಪಿಗ್ಮೆಂಟ್ ಪುಡಿ ನೋಡಲು ಚಂದ, ಆದರೆ ಕೈ ತಾಗಿದಂತೆಲ್ಲ ಉದುರುತ್ತದೆ, ವಾರ್ನಿಷ್ ಹೊಡೆದರೆ ಅರ್ಧ ಮಾಯವಾಗುತ್ತದೆ. ಅದರ ಬದಲು ಮರಳು ಬಣ್ಣದ ಅಕ್ರಿಲಿಕ್ ಒಂದು ಹನಿಗೆ ಎಂಟು ಹನಿ ನೀರು, ಟ್ರ್ಯಾಕಿನ ಮೇಲೂ ಒಡಲಿನ ಕೆಳ ಅರ್ಧಕ್ಕೂ ಮೂರ್ನಾಲ್ಕು ಪದರ, ಮೇಲೇರಿದಂತೆ ತೆಳುವಾಗಿ. ಸಿಬ್ಬಂದಿ ಹತ್ತಿಳಿಯುವ ಕಡೆ, ಮುಚ್ಚಳದ ಅಂಚುಗಳಲ್ಲಿ ಸ್ಪಂಜಿನ ಚೂರಿನಿಂದ ಕಡುಕಂದು ಚುಕ್ಕೆ. ಈ ಸವೆತ ಒಂದು ಟ್ಯಾಂಕಿಗೆ ಹತ್ತು ನಿಮಿಷ ಮೀರಬಾರದು, ಕೈ ನಿಲ್ಲದಿದ್ದರೆ ಗುಜರಿ ಅಂಗಡಿಯಿಂದ ಬಂದಂತೆ ಕಾಣುತ್ತದೆ.

ಕೊನೆಗೆ ಎರಡು ಪದರ ಮಂಕು ವಾರ್ನಿಷ್, ಪ್ರೈಮರ್‌ಗೆ ಹೇಳಿದ ಹವಾಮಾನದ ನಿಯಮವೇ ಇದಕ್ಕೂ. ಬೆಳ್ಳಗಾಗಿಬಿಟ್ಟರೆ ಒರೆಸಲು ಹೋಗದೆ, ಒಣ ದಿನ ನೋಡಿ ಮೇಲೊಂದು ಹೊಳಪು ಪದರ ಕೊಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಮತ್ತೆ ಮಂಕು ಹೊಡೆಯಬಹುದು. ವಾರ್ನಿಷ್ ಆದ ಒಂದು ವಾರ ಸ್ಪಂಜು ತುಂಬಿದ ಪೆಟ್ಟಿಗೆಗೆ ಹಾಕಬೇಡಿ, ಸ್ಪಂಜಿನ ಗುರುತು ಅಚ್ಚೊತ್ತುತ್ತದೆ. ನಾನು ಟ್ಯಾಂಕಿನ ಅಡಿಗೆ ಇನ್ನೆರಡು ಅಯಸ್ಕಾಂತ ಕೂರಿಸಿ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ನಿಲ್ಲಿಸುತ್ತೇನೆ, ಬದಿಗಳಿಗೆ ಏನೂ ತಾಗುವುದಿಲ್ಲ. ಟರೆಟ್ ಮಾತ್ರ ಬಿಚ್ಚಿ, ಬೇರೆ ಬಟ್ಟೆಯಲ್ಲಿ ಸುತ್ತಿ.