ಸೆಲ್ಫ್ ಹೊಡೆದರೆ ಕಟ ಕಟ: ಹೊಸ ಬ್ಯಾಟರಿ ತರುವ ಮೊದಲು ಇಷ್ಟು ನೋಡಿ

ಮಳೆಗಾಲದ ಬೆಳಿಗ್ಗೆ ನಮ್ಮ ಬೀದಿಯಲ್ಲಿ ದಿನಾ ಒಂದಾದರೂ ಬೈಕ್ ಕಟ ಕಟ ಅನ್ನುತ್ತದೆ. ಸವಾರ ಹತ್ತು ಸಲ ಸೆಲ್ಫ್ ಒತ್ತುತ್ತಾನೆ, ಬೈಯುತ್ತಾನೆ, ತಳ್ಳುತ್ತಾನೆ. ಸಂಜೆಗೆ ಹೊಸ ಬ್ಯಾಟರಿ ಬಂದಿರುತ್ತದೆ. ನಮ್ಮ ಭಾವ ಹೀಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದರು. ಕೊನೆಗೆ ನೋಡಿದರೆ ಮೈನಸ್ ತಂತಿಯ ಬೋಲ್ಟ್ ಕೈಯಲ್ಲೇ ತಿರುಗುತ್ತಿತ್ತು.

ಬೇಕಾಗುವುದು ಜಾಸ್ತಿ ಏನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್ (ಅಗ್ಗದ್ದೇ ಸಾಕು), ಸ್ಪ್ಯಾನರ್, ಸ್ಕ್ರೂಡ್ರೈವರ್, ಉಪ್ಪುಕಾಗದ, ಹಳೆ ಟೂತ್‌ಬ್ರಶ್, ಸ್ವಲ್ಪ ವ್ಯಾಸಲೀನ್.

1. ಮೊದಲು ಕಿವಿ ಕೊಡಿ

ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಗುಂಡಿ) ನೋಡಿ. ನಗಬೇಡಿ, ಅದು ಆಫ್ ಆಗಿರುವ ಬೈಕನ್ನು ಗ್ಯಾರೇಜ್‌ವರೆಗೆ ತಳ್ಳಿಕೊಂಡು ಹೋದವರನ್ನು ಕಂಡಿದ್ದೇನೆ. ಸೈಡ್ ಸ್ಟ್ಯಾಂಡ್ ಮೇಲೆತ್ತಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಹಿಡಿದು ಸೆಲ್ಫ್ ಒತ್ತಿ.

ಬೇಗ ಬೇಗ ಕಟ ಕಟ ಎಂದು ಮೀಟರ್ ದೀಪ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ಸಲ ‘ಟಕ್’ ಎಂದು ಸುಮ್ಮನಾಗಿ, ದೀಪ ಚೆನ್ನಾಗಿಯೇ ಉರಿದರೆ ರಿಲೇ (ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್) ಅಥವಾ ಸ್ಟಾರ್ಟರ್ ಮೋಟಾರ್ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ಫ್ಯೂಸ್ ತೆಗೆದು ನೋಡಿ. ಮೋಟಾರ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿಯನ್ನು ಬಿಡಿ, ಪೆಟ್ರೋಲ್ ಮತ್ತು ಪ್ಲಗ್ ನೋಡಿ.

2. ನಿಂತ ವೋಲ್ಟೇಜ್

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿಯ ಪಿನ್ ವೋಲ್ಟ್ ತೂತಿನಲ್ಲೇ ಇರಬೇಕು. 10 ಆಂಪಿಯರ್ ತೂತಿನಲ್ಲಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್.

ರಾತ್ರಿಯಿಡೀ ನಿಂತ ಬೈಕಿನಲ್ಲಿ 12.6ರಿಂದ 12.8 ಬಂದರೆ ಚಾರ್ಜ್ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಯೇ ಮುಂದಿನ ಮಾತು. ಆಫೀಸಿಂದ ಬಂದ ಕೂಡಲೇ ಅಳೆಯಬೇಡಿ, ಆಗ ಮೇಲ್ಮೇಲಿನ ಚಾರ್ಜ್ ಸೇರಿ ಸುಳ್ಳು ಲೆಕ್ಕ ತೋರಿಸುತ್ತದೆ.

3. ಎಲ್ಲರೂ ಎಡವುವುದು ಇಲ್ಲಿ

12.6 ಕಂಡ ಕೂಡಲೇ ‘ಬ್ಯಾಟರಿ ಸರಿ ಇದೆ’ ಅಂದುಬಿಡುತ್ತಾರೆ. ಮುದಿ ಬ್ಯಾಟರಿ ಸುಮ್ನೆ ಕೂತಾಗ 12.6 ತೋರಿಸಬಹುದು. ಭಾರ ಹೊರಿಸಿದಾಗಲೇ ಅದರ ಬಣ್ಣ ಬಯಲು. ಹಾಗಾಗಿ ಸೆಲ್ಫ್ ತಿರುಗುವಾಗ ಅಳೆಯಬೇಕು.

ಇದಕ್ಕೆ ಇನ್ನೊಬ್ಬರು ಬೇಕು. ನೀವು ಎರಡೂ ಕಡ್ಡಿ ಹಿಡಿದು ಮೀಟರ್ ಮೇಲೆ ಕಣ್ಣಿಡಿ, ಅವರು ಸೆಲ್ಫ್ ಒತ್ತಲಿ. ಒಂದು ಸಲಕ್ಕೆ ಮೂರು ನಾಲ್ಕು ಸೆಕೆಂಡ್ ಸಾಕು. ನಡುವೆ ಅರ್ಧ ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಮೋಟಾರ್ ಬಿಸಿಯಾಗುತ್ತದೆ. ಅಂಕಿ ಎಷ್ಟರವರೆಗೆ ಇಳಿಯಿತು ಅನ್ನುವುದೇ ಮುಖ್ಯ. 10ರ ಮೇಲೆ ನಿಂತರೆ ಬ್ಯಾಟರಿ ಗಟ್ಟಿ. ಪೂರ್ತಿ ಚಾರ್ಜ್ ಮಾಡಿದ ಮೇಲೂ 9.5ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ. 7, 8ಕ್ಕೆ ಕುಸಿದರೆ ಒಳಗಿನ ಆರು ಸೆಲ್‌ಗಳಲ್ಲಿ ಒಂದಾದರೂ ಸತ್ತಿರಬಹುದು.

ಕಡ್ಡಿಯನ್ನು ಎಲ್ಲಿ ಮುಟ್ಟಿಸುತ್ತೀರಿ ಅನ್ನುವುದರಲ್ಲೂ ವಿಷಯವಿದೆ. ಮೊದಲ ಸಲ ಬ್ಯಾಟರಿಯ ಸೀಸದ ಟರ್ಮಿನಲ್‌ಗೇ ಒತ್ತಿ ಹಿಡಿಯಿರಿ, ಬೋಲ್ಟ್‌ಗಲ್ಲ. ಎರಡನೇ ಸಲ ಅದಕ್ಕೆ ಕೂರಿಸಿದ ತಂತಿಯ ತುದಿಗೆ. ಮೊದಲನೆಯದು 10.8, ಎರಡನೆಯದು 9 ಅಂದರೆ ಬ್ಯಾಟರಿಯ ತಪ್ಪೇನಿಲ್ಲ, ನಡುವಿನ ಕೊಳೆ ಕರೆಂಟ್ ತಿನ್ನುತ್ತಿದೆ. ಇನ್ನೂ ಒಂದು ಪರೀಕ್ಷೆ: ಒಂದು ಕಡ್ಡಿ ಮೈನಸ್ ಟರ್ಮಿನಲ್‌ಗೆ, ಇನ್ನೊಂದು ಬಣ್ಣವಿಲ್ಲದ ಎಂಜಿನ್ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ಕಂಡರೂ ಅರ್ತಿಂಗ್, ಅಂದರೆ ಮೈನಸ್‌ನಿಂದ ಬೈಕಿನ ಲೋಹಕ್ಕೆ ಹೋಗುವ ಜೋಡಣೆ, ಕೆಟ್ಟಿದೆ. ಭಾವನ ಬೈಕಿನ ರೋಗ ಸಿಕ್ಕಿದ್ದು ಇದೇ ಪರೀಕ್ಷೆಯಲ್ಲಿ.

4. ಟರ್ಮಿನಲ್ ಉಜ್ಜುವುದು

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಬ್ರಶ್‌ನಿಂದ ಉಜ್ಜಿ. ಚೆನ್ನಾಗಿ ಒಣಗಿಸಿ ಉಪ್ಪುಕಾಗದ ಆಡಿಸಿ, ಬಿಗಿ ಮಾಡಿ. ವ್ಯಾಸಲೀನ್ ಆಮೇಲೆ, ಮೇಲಿಂದ.

ಟರ್ಮಿನಲ್ ಬೋಲ್ಟ್ ಕೂರುವ ಆ ಚಚ್ಚೌಕದ ಪುಟ್ಟ ನಟ್ ಪ್ರತಿ ಸಲ ಒಳಗೆ ಜಾರಿ ಬೀಳುತ್ತದೆ, ಅಲ್ವಾ? ಅದರ ಕೆಳಗೆ ಒಂದು ಚೂರು ಸ್ಪಂಜ್ ತುರುಕಿ, ಮೇಲಕ್ಕೆ ಒತ್ತಿಕೊಂಡೇ ಇರುತ್ತದೆ. ಸಡಿಲಕ್ಕೆ ಬೆಳ್ಳಿ ಹಾಳೆ ಮಡಚಿ ಸಿಕ್ಕಿಸುವ ಉಪಾಯ ಮಾತ್ರ ಬೇಡ. ಒಂದು ಗುಂಡಿ ಹಾರಿಸಿದರೆ ಮತ್ತೆ ಸಡಿಲ.

5. ಬೈಕ್ ಚಾರ್ಜ್ ಮಾಡುತ್ತಿದೆಯೇ?

ಸ್ಟಾರ್ಟ್ ಮಾಡಿ, ಆರ್‌ಪಿಎಂ 4000 ದಾಟಿಸಿ ಅಳೆಯಿರಿ. 13.5ರಿಂದ 14.5 ಇರಬೇಕು. 12.5ರಲ್ಲೇ ನಿಂತರೆ ಸ್ಟೇಟರ್ (ಕರೆಂಟ್ ಹುಟ್ಟಿಸುವ ಸುರುಳಿ) ಅಥವಾ ರೆಗ್ಯುಲೇಟರ್ (ಅದನ್ನು ಹದದಲ್ಲಿಡುವ ಭಾಗ) ಕೆಟ್ಟಿದೆ, ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಮಲಗುತ್ತದೆ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿದು ಊದಿಕೊಳ್ಳುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಎಳೆದು ‘ಚಾರ್ಜ್ ಬರ್ತಿದೆಯಾ ನೋಡೋಣ’ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಬೈಕ್ ವಾಪಸ್ ತನ್ನಿ. ಬಿಎಸ್6 ಬೈಕಿನ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಸುಡಬಹುದು.

2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ. ಹಾಗಾಗಿ ಬೆಳಿಗ್ಗೆ ಐದು ನಿಮಿಷ ನಿಲ್ಲಿಸಿಯೇ ಆನ್ ಇಟ್ಟರೆ, ಸೆಲ್ಫ್ ತಿಂದದ್ದೂ ವಾಪಸ್ ಬರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

6. ಹೊರಗಿನ ಚಾರ್ಜ್, ಇಲ್ಲವೇ ಹೊಸದು

5 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಬ್ಯಾಟರಿಗೆ ಅರ್ಧ ಆಂಪಿಯರ್‌ನಲ್ಲಿ ಚಾರ್ಜ್ ಮಾಡಿ, ಅಂದರೆ ಹತ್ತನೇ ಒಂದು ಭಾಗ. ಕಾರಿನ ಚಾರ್ಜರ್ ಹಾಕಿ ಒಂದೇ ಗಂಟೆಯಲ್ಲಿ ತುಂಬಿಸಿ ಕೊಡುವ ಅಂಗಡಿಗೆ ಹೋಗಬೇಡಿ. ಬಳಸುತ್ತಿರುವ ನೀರಿನ ಬ್ಯಾಟರಿಗೆ ಮತ್ತೆ ತುಂಬಿಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ. ಸೀಲ್ ಬ್ಯಾಟರಿಯ ಮುಚ್ಚಳ ಎಬ್ಬಿಸಬೇಡಿ. ಸತ್ತ ಬ್ಯಾಟರಿಗೆ ಜೀವ ಬರಿಸುವ ದ್ರವ ಅಂತ ಮಾರುತ್ತಾರಲ್ಲ, ಆ ದುಡ್ಡಿಗೆ ಮಸಾಲೆ ದೋಸೆ ತಿನ್ನಿ.

ಹೊಸದೇ ಬೇಕಾದರೆ ತಯಾರಾದ ತಿಂಗಳು ನೋಡಿ. ವರ್ಷ ಶೆಲ್ಫಿನಲ್ಲಿ ಕೂತದ್ದು ಬೇಡ. ನೀರಿನ ಬ್ಯಾಟರಿಗೆ ನಿಮ್ಮೆದುರೇ ಆಸಿಡ್ ಸುರಿದು ಹತ್ತೇ ನಿಮಿಷದಲ್ಲಿ ಕೂರಿಸಲು ಹೊರಟರೆ ತಡೆಯಿರಿ, ಮೊದಲ ಚಾರ್ಜ್ ಪೂರ್ತಿ ಆಗಲಿ. ಹಳೆಯದನ್ನು ಅಟ್ಟಕ್ಕೆ ಹಾಕದೆ ಅಂಗಡಿಗೇ ಒಯ್ಯಿರಿ. ಸೀಸಕ್ಕೆ ಬೆಲೆಯಿದೆ, ಬಿಲ್ಲಿನಲ್ಲಿ ಕಳೆಯಲು ಕೇಳಿ.